ಕಾಮವನ್ನು ಮುಟ್ಟದ ಕಾಮದೇವ

ಪ್ರೇಮಕಾದಂಬರಿಯ ನಾಯಕನಲ್ಲಿ ಇರಬೇಕಾದ ಗುಣಗಳು ಯಾವುವೆಂದು ಕೇಳಿದರೆ ರೂಪ, ಶೌರ್ಯ, ಐಶ್ವರ್ಯ, ವಾಕ್ಚಾತುರ್ಯ ಎಂಬ ಉತ್ತರ ಸಹಜವಾಗಿಯೇ ಬರುತ್ತದೆ. ಬಾಯಿಬಿಟ್ಟು ಯಾರೂ ಹೇಳದ, ಆದರೆ ಬಹುತೇಕ ಲೇಖಕರು ಒಪ್ಪಿ ನಡೆದಿರುವ ಇನ್ನೊಂದು ಗುಣವಿದೆ. ನಾಯಕನು ಸ್ತ್ರೀಸಂಗದ ಅನುಭವವುಳ್ಳವನಾಗಿರಬೇಕು. ನಾಯಕಿಯಾದರೋ ಅದನ್ನು ಅರಿಯದವಳಾಗಿರಬೇಕು. ಲಂಡನ್ನಿನಲ್ಲಿ 1908ರಲ್ಲಿ ಆರಂಭವಾದ ಮಿಲ್ಸ್ ಅಂಡ್ ಬೂನ್ ಪ್ರಕಾಶನದ ಪುಸ್ತಕಗಳು ಭಾರತದ ಊರೂರುಗಳ ಬಾಡಿಗೆ ಪುಸ್ತಕಾಲಯಗಳಲ್ಲಿ ಕೈಯಿಂದ ಕೈಗೆ ದಾಟಿ ಸವೆದು ಹೋದವು. ಅವುಗಳ ನಾಯಕ ಸಾಮಾನ್ಯವಾಗಿ ನಾಯಕಿಗಿಂತ ಹಿರಿಯ, ಲೋಕವನ್ನು ಕಂಡವನು, ಹಲವು ಸ್ತ್ರೀಯರ ಸಹವಾಸದಿಂದ ಬೇಸತ್ತವನು. ಅಮೆರಿಕದಲ್ಲಿ 1972ರಲ್ಲಿ ಪ್ರಕಟವಾಗಿ ಈ ಜಾತಿಯ ಕಾದಂಬರಿಗಳಿಗೆ ಹೊಸ ಮಾರುಕಟ್ಟೆಯನ್ನೇ ತೆರೆದ, ಕ್ಯಾಥ್ಲೀನ್ ವುಡಿವಿಸ್ ಎಂಬ ಲೇಖಕಿಯ ‘ದಿ ಫ್ಲೇಮ್ ಅಂಡ್ ದಿ ಫ್ಲವರ್’ ಎಂಬ ಕೃತಿಯಲ್ಲಿ ನಾಯಕನು ನಾಯಕಿಯನ್ನು ವೇಶ್ಯೆಯೆಂದು ಭ್ರಮಿಸಿ ಬಲಾತ್ಕರಿಸುವುದರಿಂದಲೇ ಅವರ ಪರಿಚಯ ಆರಂಭವಾಗುತ್ತದೆ. ಅದನ್ನು ಪ್ರೇಮಕಥೆಯೆಂದು ಲಕ್ಷಾಂತರ ಜನ ಓದಿದರು.

ಇದಕ್ಕೆ ಅಪವಾದಗಳೂ ಉಂಟು. ಸ್ತ್ರೀಸಂಗವನ್ನು ಅರಿಯದ ನಾಯಕನನ್ನೇ ಹುಡುಕಿ ಓದುವ ವಾಚಕವರ್ಗವೊಂದು ಪಾಶ್ಚಾತ್ಯ ದೇಶಗಳಲ್ಲಿದೆ. ಡಯಾನಾ ಗ್ಯಾಬಲ್ಡನ್ ಅವರ ‘ಔಟ್‌ಲ್ಯಾಂಡರ್’ (1991) ಅಂತಹ ಓದುಗರು ಮೆಚ್ಚಿದ ಕೃತಿ. ಅದರ ನಾಯಕ ಸ್ಕಾಟ್ಲೆಂಡಿನ ತರುಣ, ವಿವಾಹದವರೆಗೆ ಬ್ರಹ್ಮಚಾರಿ. ನಾಯಕಿಯು ಅವನಿಗಿಂತ ವಯಸ್ಸಿನಲ್ಲಿ ಹಿರಿಯಳು, ಮೊದಲೇ ವಿವಾಹಿತೆ. ಸಂಪ್ರದಾಯದ ಏರ್ಪಾಡು ಇಲ್ಲಿ ತಲೆಕೆಳಗಾಗಿದೆ. ಆದರೂ ಇಂತಹ ಕಥೆಗಳನ್ನು ಕೂಲಂಕಷವಾಗಿ ನೋಡಿದರೆ ನಾಯಕನ ಅನನುಭವವು ಅಲ್ಲಿ ಒಂದು ಕೊರತೆ, ಬಹುಮಟ್ಟಿಗೆ ಒಂದು ಮುದ್ದಾದ ಕೊರತೆ. ಹಲವು ಪುಟಗಳ ನಿರೀಕ್ಷೆಯ ನಂತರ ಒಂದು ರಾತ್ರಿಯಲ್ಲಿ ಅದು ತುಂಬಿ ಹೋಗುತ್ತದೆ. ಆ ರಾತ್ರಿಯವರೆಗೆ ಅವನು ಏನನ್ನು ಕಾಯ್ದುಕೊಂಡಿದ್ದನು, ಏತಕ್ಕಾಗಿ ಕಾಯ್ದುಕೊಂಡಿದ್ದನು ಎಂಬುದು ಕಥೆಗೆ ಬೇಕಾಗಿಲ್ಲ.

ಇಲ್ಲಿ ಏಳುವ ನೈತಿಕ ಪ್ರಶ್ನೆ ಕಾದಂಬರಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಪುರುಷನ ಅನನುಭವ ಒಂದು ಕೊರತೆಯೇ? ಸ್ತ್ರೀಯಲ್ಲಿ ಅದೇ ಸಂಗತಿ ಶೀಲವೆಂದು ಕರೆಸಿಕೊಳ್ಳುವಾಗ ಪುರುಷನಲ್ಲಿ ಏಕೆ ಹಾಸ್ಯಾಸ್ಪದವಾಗುತ್ತದೆ? ಕನ್ನಡದ ಓದುಗರಿಗೆ ತ್ರಿವೇಣಿಯವರ ‘ಶರಪಂಜರ’ ನೆನಪಿರಬಹುದು. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿಸಿದರು. ವಿವಾಹಕ್ಕೆ ಮೊದಲು ನಡೆದುಹೋದ ಒಂದು ಘಟನೆ ಕಾವೇರಿಯ ಬಾಳನ್ನು ಒಡೆಯುತ್ತದೆ. ಮನೋರೋಗದಿಂದ ಚೇತರಿಸಿಕೊಂಡು ಮನೆಗೆ ಮರಳಿದವಳನ್ನು ಗಂಡನಾಗಲಿ ನೆರೆಹೊರೆಯಾಗಲಿ ಮರಳಿ ಸ್ವೀಕರಿಸುವುದಿಲ್ಲ. ಆ ಗಂಡನಾದರೋ ಅಷ್ಟರಲ್ಲಿ ಇನ್ನೊಬ್ಬಳ ಸಂಬಂಧ ಬೆಳೆಸಿರುತ್ತಾನೆ. ತ್ರಿವೇಣಿಯವರು ಯಾವ ಉಪದೇಶವನ್ನೂ ಮಾಡಲಿಲ್ಲ. ಎರಡು ತೂಕದ ಕಲ್ಲುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದರು, ಅಷ್ಟೆ.

ಈ ಎರಡು ತೂಕದ ಕಲ್ಲುಗಳನ್ನು ಒಪ್ಪದ ಒಂದು ಸಾಹಿತ್ಯ ಪರಂಪರೆ ಕನ್ನಡ ನಾಡಿನಲ್ಲಿ ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಬೆಳೆದಿತ್ತು. ಅದರ ಕೇಂದ್ರ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡ. ರಾಷ್ಟ್ರಕೂಟರ ಕಾಲದ ಮಾನ್ಯಖೇಟವೇ ಅದು. ಅಮೋಘವರ್ಷ ನೃಪತುಂಗನು ಇಲ್ಲಿಂದ ಆಳಿದನು. ಅವನು ಗುರುವೆಂದು ತಲೆಬಾಗಿದ್ದು ಜಿನಸೇನಾಚಾರ್ಯರಿಗೆ. ಆಚಾರ್ಯರ ಶಿಷ್ಯರಾದ ಗುಣಭದ್ರರು ಗುರುಗಳು ಅಪೂರ್ಣವಾಗಿ ಬಿಟ್ಟುಹೋದ ಆದಿಪುರಾಣವನ್ನು ಪೂರೈಸಿ, ಉತ್ತರಪುರಾಣವನ್ನು ರಚಿಸಿದರು. ಮುಂದಿನ ಶತಮಾನದಲ್ಲಿ ಮಂತ್ರಿ ಭರತನ ಆಶ್ರಯದಲ್ಲಿ ಪುಷ್ಪದಂತ ಮಹಾಕವಿಯು ಇದೇ ಮಾನ್ಯಖೇಟದಲ್ಲಿ ಕುಳಿತು ಅರವತ್ತಮೂರು ಶಲಾಕಾಪುರುಷರ ಕಥೆಯನ್ನು ಅಪಭ್ರಂಶ ಭಾಷೆಯಲ್ಲಿ ಹಾಡಿ 965ರಲ್ಲಿ ಮುಗಿಸಿದನು. ಏಳು ವರ್ಷಗಳ ತರುವಾಯ, 972ರಲ್ಲಿ, ಪರಮಾರ ಸೀಯಕನು ನಗರವನ್ನು ಸೂರೆಗೊಂಡನು. ಇಂದು ಅಲ್ಲಿ ಕೋಟೆಯ ಅವಶೇಷಗಳೂ ನೇಮಿನಾಥ ಬಸದಿಯೂ ಉಳಿದಿವೆ.

ಜಿನಸೇನರ ವಿಷಯದಲ್ಲಿ ಗಮನಿಸಬೇಕಾದ ಮೊದಲ ಸಂಗತಿಯೆಂದರೆ ಅವರು ಬಾಲಬ್ರಹ್ಮಚಾರಿಗಳು. ಕಿವಿ ಚುಚ್ಚುವ ವಯಸ್ಸಿಗೂ ಮೊದಲೇ ಸಂಘವನ್ನು ಸೇರಿದವರು. ತಮ್ಮ ಗುರು ವೀರಸೇನರು ಆರಂಭಿಸಿದ ಜಯಧವಲಾ ಟೀಕೆಯನ್ನು ಶಕ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ, ಮುಗಿಸಿದಾಗ ಅದರ ಪ್ರಶಸ್ತಿಯಲ್ಲಿ ಈ ವಿಷಯ ದಾಖಲಾಗಿದೆ. ಬಾಲ್ಯದಿಂದ ಬ್ರಹ್ಮವ್ರತವನ್ನು ಮುರಿಯದ ಇವರನ್ನು ಸರಸ್ವತಿಯೇ ಸ್ವಯಂವರದಲ್ಲಿ ವರಿಸಿದಳೆಂಬ ಚಮತ್ಕಾರದ ಮಾತು ಅಲ್ಲಿ ಬರುತ್ತದೆ. ಅಂತಹವರು ರಚಿಸಿದ ಖಂಡಕಾವ್ಯ ಪಾರ್ಶ್ವಾಭ್ಯುದಯ. ಕಾಳಿದಾಸನ ಮೇಘದೂತದ ಒಂದೊಂದು, ಕೆಲವೆಡೆ ಎರಡೆರಡು ಪಾದಗಳನ್ನು ತೆಗೆದುಕೊಂಡು, ಉಳಿದ ಪಾದಗಳನ್ನು ತಾವು ತುಂಬಿ, ಇಡೀ ಮೇಘದೂತವನ್ನು ಪಾರ್ಶ್ವನಾಥರ ಕಥೆಯೊಳಗೆ ಅವರು ನೇಯ್ದಿದ್ದಾರೆ. ಸಂಸ್ಕೃತ ಸಾಹಿತ್ಯದ ಅತ್ಯಂತ ಆರ್ದ್ರವಾದ ವಿರಹಕಾವ್ಯವು ಹೀಗೆ ಒಬ್ಬ ದಿಗಂಬರ ಮುನಿಯ ಕೈಸೇರಿತು.

ಅವರು ಅದನ್ನು ಬಳಸಿಕೊಂಡ ಬಗೆ ಇನ್ನೂ ಕುತೂಹಲಕರ. ಪಾರ್ಶ್ವರು ಪ್ರತಿಮಾಯೋಗದಲ್ಲಿ ನಿಂತಿದ್ದಾರೆ. ಪೂರ್ವಜನ್ಮದ ವೈರಿ ಕಮಠನ ಜೀವವೇ ಆಗಿರುವ ಶಂಬರನು ಬಂದು ಯುದ್ಧಕ್ಕೆ ಕೆಣಕುತ್ತಾನೆ. ತನ್ನ ಕೈಯಿಂದ ಸತ್ತು ಮೇಘವಾಗಿ ಹುಟ್ಟಿ ಅಲಕಾಪುರಿಗೆ ಹೋದರೆ ದಾರಿಯುದ್ದಕ್ಕೂ ಎಂತಹ ಸುಖಗಳು, ಎಂತಹ ಸ್ತ್ರೀಯರು ಎಂದು ಆಸೆ ತೋರಿಸುತ್ತಾನೆ. ಕಾಳಿದಾಸನ ಯಕ್ಷನ ಮಾತುಗಳೆಲ್ಲ ಇಲ್ಲಿ ಪ್ರಲೋಭನೆಗೊಳಿಸುವ ಶತ್ರುವಿನ ಬಾಯಲ್ಲಿವೆ. ನಾಯಕನದು ಮೌನ. ದಿಗಂಬರ ಸಂಪ್ರದಾಯದಂತೆ ವಾಸುಪೂಜ್ಯ, ಮಲ್ಲಿ, ನೇಮಿ, ಪಾರ್ಶ್ವ, ವರ್ಧಮಾನ ಈ ಐವರು ಬಾಲಯತಿ ತೀರ್ಥಂಕರರು. ವಿವಾಹವಿಲ್ಲದೆಯೇ ದೀಕ್ಷೆ ವಹಿಸಿದವರು. (ವರ್ಧಮಾನರ ವಿಷಯದಲ್ಲಿ ಶ್ವೇತಾಂಬರ ಸಂಪ್ರದಾಯ ಯಶೋದಾದೇವಿಯೊಡನೆ ವಿವಾಹವನ್ನು ಹೇಳುತ್ತದೆ, ಆ ಚರ್ಚೆ ಪ್ರಸ್ತುತಕ್ಕೆ ಬೇಡ.) ಇಂತಹ ನಾಯಕನ ಎದುರಿನಲ್ಲಿ ಶೃಂಗಾರವನ್ನು ಪೂರ್ಣಕಂಠದಿಂದ ಹಾಡಿಸಲು ಜಿನಸೇನರು ಹೆದರಲಿಲ್ಲ. ಮುಚ್ಚಿಟ್ಟರೆ ಮಾತ್ರ ಉಳಿಯುವ ಬ್ರಹ್ಮಚರ್ಯದ ಮೇಲೆ ಅವರಿಗೆ ವಿಶ್ವಾಸವಿದ್ದಂತೆ ಕಾಣುವುದಿಲ್ಲ.

ಅನುಭವವಿಲ್ಲದ ಮುನಿಗೆ ಈ ಭಾವಗಳು ಹೇಗೆ ತಿಳಿದವು ಎಂಬ ಪ್ರಶ್ನೆ ಏಳುತ್ತದೆ. ಕವಿಗಳ ಪರಂಪರೆಯ ವ್ಯಾಸಂಗದಿಂದ ಎಂಬುದು ಒಂದು ಉತ್ತರ, ಅದು ನಿಜವೂ ಹೌದು. ಜೈನ ತತ್ತ್ವದೃಷ್ಟಿ ಮಾತ್ರ ಇದಕ್ಕಿಂತ ಆಳವಾದ ಉತ್ತರವೊಂದನ್ನು ಕೊಡುತ್ತದೆ. ಸಮಯಸಾರದ ಆರಂಭದಲ್ಲಿಯೇ ಕುಂದಕುಂದಾಚಾರ್ಯರು ಈ ವಿಷಯವನ್ನು ಎತ್ತಿದ್ದಾರೆ. ಅವರ ಅಭಿಪ್ರಾಯದಲ್ಲಿ ಕಾಮಭೋಗದ ಕಥೆ ಯಾವ ಜೀವಕ್ಕೂ ಹೊಸತಲ್ಲ. ಅನಾದಿ ಸಂಸಾರದಲ್ಲಿ ಕಿವಿಗೂ ಬಳಕೆಗೂ ಅನುಭವಕ್ಕೂ ಅದು ತೀರ ಹಳೆಯದು. ದುರ್ಲಭವಾದದ್ದು ಆತ್ಮನ ಏಕತ್ವದ ಅರಿವೊಂದೇ. ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡರೆ ‘ಅನನುಭವಿ ನಾಯಕ’ ಎಂಬ ಮಾತಿಗೇ ಅರ್ಥವಿಲ್ಲ. ಅಂತಹವನು ಹುಟ್ಟಿಯೇ ಇಲ್ಲ. ಈ ದೇಹಕ್ಕೆ ಸ್ಪರ್ಶವಾಗಿಲ್ಲ ಎನ್ನಬಹುದು, ಅಷ್ಟೇ. ಅನುಭವವನ್ನು ಅರ್ಹತೆಯೆಂದು ಮೆರೆಸುವವನು ಎಲ್ಲರ ಬಳಿಯೂ ಇರುವ ಸವಕಲು ನಾಣ್ಯವನ್ನು ತನ್ನ ಸಂಪತ್ತೆಂದು ತೋರಿಸುತ್ತಿರುತ್ತಾನೆ.

ಆದಿಪುರಾಣದ ವಜ್ರಜಂಘ ಮತ್ತು ಶ್ರೀಮತಿಯರ ಕಥೆ ಈ ತತ್ತ್ವದ ಕಾವ್ಯರೂಪ. ಪಂಪನು 941ರಲ್ಲಿ ಅದನ್ನು ಕನ್ನಡಕ್ಕೆ ತಂದನು. ಅರಸನ ಮಗಳಾದ ಶ್ರೀಮತಿಗೆ ಪೂರ್ವಜನ್ಮದ ಸ್ಮರಣೆಯಾಗುತ್ತದೆ. ಸ್ವರ್ಗದಲ್ಲಿ ತಾನು ಸ್ವಯಂಪ್ರಭೆಯಾಗಿದ್ದೆ, ಲಲಿತಾಂಗದೇವ ತನ್ನ ಪತಿಯಾಗಿದ್ದ ಎಂದು ಅರಿತು ಆ ಜನ್ಮದ ವೃತ್ತಾಂತವನ್ನು ಪಟದಲ್ಲಿ ಚಿತ್ರಿಸುತ್ತಾಳೆ. ದಾದಿ ಪಂಡಿತೆ ಆ ಪಟವನ್ನು ಜಿನಾಲಯದಲ್ಲಿ ಹರಡಿದಾಗ ಅದನ್ನು ಗುರುತಿಸಬಲ್ಲವನು ವಜ್ರಜಂಘನೊಬ್ಬನೇ. ವರನನ್ನು ಆರಿಸುವ ಪರೀಕ್ಷೆ ಇಲ್ಲಿ ನೆನಪಿನ ಪರೀಕ್ಷೆ. ಇಷ್ಟು ಗಾಢವಾದ ಪ್ರೇಮಕ್ಕೂ ಕವಿಗಳು ರಿಯಾಯಿತಿ ತೋರಿಸಲಿಲ್ಲ. ಶಯ್ಯಾಗೃಹದ ಗವಾಕ್ಷಗಳನ್ನು ಪರಿಚಾರಕರು ತೆರೆಯಲು ಮರೆತ ಒಂದು ರಾತ್ರಿ, ಸುಗಂಧಕ್ಕಾಗಿ ಹಾಕಿದ ಧೂಪದ ಹೊಗೆಯೇ ಸುತ್ತಿಕೊಂಡು ದಂಪತಿಗಳಿಬ್ಬರೂ ಅಪ್ಪಿಕೊಂಡ ಹಾಗೆಯೇ ಪ್ರಾಣ ಬಿಟ್ಟರು.

ಅರಿವಿಲ್ಲದಿರುವುದು ಬೇರೆ, ಸಂಯಮ ಬೇರೆ. ಈ ಭೇದವನ್ನು ಸ್ಪಷ್ಟಪಡಿಸದೆ ಮುಂದೆ ಹೋಗುವುದು ಸಾಧ್ಯವಿಲ್ಲ. ಸ್ತ್ರೀಯೆಂದರೆ ಯಾರೆಂದು ತಿಳಿಯದಂತೆ ತಂದೆಯಿಂದ ಕಾಡಿನಲ್ಲಿ ಬೆಳೆದ ಋಷ್ಯಶೃಂಗನ ಕಥೆ ರಾಮಾಯಣ ಮಹಾಭಾರತಗಳೆರಡರಲ್ಲಿಯೂ ಇದೆ; ಮೊದಲ ಭೇಟಿಯಲ್ಲಿಯೇ ಆ ಮುಗ್ಧತೆ ಕರಗಿತು. ಜೈನ ಕಥಾಸಾಹಿತ್ಯದಲ್ಲಿ ಇದಕ್ಕೆ ಸಮಾನವಾದ ವಲ್ಕಲಚೀರಿಯ ಕಥೆಯಿದೆ. ತಪಸ್ವಿಯಾದ ತಂದೆಯೊಡನೆ ಬೆಳೆದ ಈ ಹುಡುಗನನ್ನು ಮುನಿವೇಷದ ಗಣಿಕೆಯರು ಸಿಹಿತಿಂಡಿ ಕೊಟ್ಟು ನಗರಕ್ಕೆ ಕರೆತರುತ್ತಾರೆ. ಅವರನ್ನೂ ಅವನು ಋಷಿಕುಮಾರರೆಂದೇ ನಂಬಿರುತ್ತಾನೆ. ನಗರದಲ್ಲಿ ಅವನಿಗೆ ಮದುವೆಯೂ ಆಗಿಹೋಗುತ್ತದೆ, ಏನಾಯಿತೆಂದು ಅವನಿಗೆ ತಿಳಿಯುವ ಮೊದಲೇ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಪರಿಶಿಷ್ಟಪರ್ವದಲ್ಲಿ ಈ ಕಥೆಯನ್ನು ಜಂಬೂಸ್ವಾಮಿಗಳ ವಿವಾಹಕ್ಕಿಂತ ಮೊದಲೇ ಇಟ್ಟಿದ್ದಾರೆ. ಏನೂ ತಿಳಿಯದ ತರುಣನನ್ನು ಮೊದಲು ಕಂಡ ಓದುಗನಿಗೆ ಎಲ್ಲವನ್ನೂ ತಿಳಿದ ತರುಣನ ಬೆಲೆ ಗೊತ್ತಾಗುತ್ತದೆ. ವಲ್ಕಲಚೀರಿಗೂ ಕೇವಲಜ್ಞಾನವಾಯಿತು, ಆದರೆ ಅದು ಕಾಡಿನ ಮುಗ್ಧತೆಯಿಂದ ಆದದ್ದಲ್ಲ. ಎಷ್ಟೋ ವರ್ಷಗಳ ನಂತರ ಆಶ್ರಮಕ್ಕೆ ಮರಳಿ, ತಂದೆಯ ಪಾತ್ರೆಗಳ ಧೂಳನ್ನು ಉತ್ತರೀಯದಿಂದ ಒರೆಸುತ್ತಿದ್ದಾಗ ಪೂರ್ವಜನ್ಮದ ಮುನಿಚರ್ಯೆ ನೆನಪಾಗಿ ಆದದ್ದು.

ಜಂಬೂಕುಮಾರನ ಕಥೆಯನ್ನು ಗುಣಭದ್ರರು ಉತ್ತರಪುರಾಣದ ಕೊನೆಯ ಭಾಗದಲ್ಲಿ ಹೇಳುತ್ತಾರೆ. ದಿಗಂಬರ ಪರಂಪರೆಯು ಎಣಿಸುವ ಇಪ್ಪತ್ತನಾಲ್ಕು ಕಾಮದೇವರಲ್ಲಿ ಮೊದಲನೆಯವನು ಬಾಹುಬಲಿ, ಕೊನೆಯವನು ಈ ಜಂಬೂಕುಮಾರ. ಕಾಮದೇವ ಪದವಿಯೆಂದರೆ ಆ ಕಾಲದ ಅತ್ಯಂತ ರೂಪವಂತ ಪುರುಷ ಎಂದರ್ಥ. ರಾಜಗೃಹದ ಶ್ರೇಷ್ಠಿ ಅರ್ಹದ್ದಾಸನ ಮಗ, ತಾಯಿ ಜಿನದಾಸಿ. ದೀಕ್ಷೆಗೆ ಮನಸ್ಸು ಮಾಡಿದ ಮಗನನ್ನು ಬಂಧುಗಳು ತಡೆದು ವಿವಾಹಕ್ಕೆ ಒಪ್ಪಿಸುತ್ತಾರೆ. ಪದ್ಮಶ್ರೀ, ಕನಕಶ್ರೀ, ವಿನಯಶ್ರೀ, ರೂಪಶ್ರೀ ಎಂಬ ನಾಲ್ವರು ಶ್ರೇಷ್ಠಿಕನ್ಯೆಯರೊಡನೆ ಮದುವೆ ನಡೆಯುತ್ತದೆ. ಆ ರಾತ್ರಿ ವರನು ವಧುಗಳ ನಡುವೆ ಕುಳಿತಿದ್ದಾನೆ. ಮಗನ ಮನಸ್ಸು ಕರಗುವುದೋ ಇಲ್ಲವೋ ಎಂದು ತಾಯಿ ಮರೆಯಲ್ಲಿ ನಿಂತು ನೋಡುತ್ತಿದ್ದಾಳೆ.

ಅದೇ ರಾತ್ರಿ ಕಳ್ಳನೊಬ್ಬ ಆ ಮನೆಯನ್ನು ಹೊಕ್ಕನು. ಅವನೂ ಅರಸುಮಗನೇ, ಅಣ್ಣನೊಡನೆ ಮುನಿದು ಮನೆ ಬಿಟ್ಟು, ಐನೂರು ಮಂದಿಯನ್ನು ಕಟ್ಟಿಕೊಂಡು, ಅದೃಶ್ಯನಾಗುವ ಮತ್ತು ಬೀಗ ತೆರೆಯುವ ವಿದ್ಯೆಗಳನ್ನು ಕಲಿತ ವಿದ್ಯುಚ್ಚೋರ. ಅವೇಳೆಯಲ್ಲಿ ಎಚ್ಚರವಾಗಿ ನಿಂತಿದ್ದ ಜಿನದಾಸಿಯನ್ನು ಕಂಡು ನಿದ್ರೆಯಿಲ್ಲದಿರುವ ಕಾರಣವನ್ನು ಕೇಳುತ್ತಾನೆ. ಒಬ್ಬನೇ ಮಗ, ಬೆಳಗಾದರೆ ದೀಕ್ಷೆಗೆ ಹೊರಡುತ್ತಾನೆ, ನೀನು ಬುದ್ಧಿವಂತನಂತೆ ಕಾಣುತ್ತೀಯೆ, ಅವನ ಮನಸ್ಸನ್ನು ತಿರುಗಿಸಿದರೆ ಬೇಕಾದಷ್ಟು ಧನವನ್ನು ಕೊಡುತ್ತೇನೆ ಎಂದು ಆಕೆ ಕಳ್ಳನನ್ನೇ ಬೇಡುತ್ತಾಳೆ. ಜೈನ ಕಥಾಸಾಹಿತ್ಯದಲ್ಲಿ ಇಷ್ಟು ಮಾನವೀಯವಾದ ಸನ್ನಿವೇಶಗಳು ವಿರಳ. ಧರ್ಮವನ್ನು ಬಲ್ಲ ಶ್ರಾವಿಕೆಯೇ ಆಕೆ. ಆದರೂ ಮಗನು ಭೋಗದ ರುಚಿ ಕಾಣಲೆಂದು ಕಳ್ಳನಿಗೆ ಹಣ ಕೊಡಲು ಸಿದ್ಧಳಾದಳು. ಆಕೆಯನ್ನು ಗುಣಭದ್ರರು ಎಲ್ಲಿಯೂ ಹೀಗಳೆಯುವುದಿಲ್ಲ. ಎಲ್ಲವೂ ಇದ್ದವನು ಬಿಟ್ಟು ಹೊರಟಿದ್ದಾನೆ, ತಾನು ಅದನ್ನೇ ಕದಿಯಲು ಬಂದಿದ್ದೇನೆ ಎಂಬ ನಾಚಿಕೆ ಕಳ್ಳನ ಮನಸ್ಸಿಗೆ ಹೊಳೆದರೂ, ಕೊಟ್ಟ ಮಾತಿನಂತೆ ಅವನು ವಾದಕ್ಕೆ ಕುಳಿತನು.

ವಾದ ನಡೆದದ್ದು ಕಥೆಗಳಲ್ಲಿ. ಬೆಟ್ಟದಲ್ಲಿ ಮೇಯುತ್ತಿದ್ದ ಒಂಟೆಯೊಂದು ಮೇಲಿನಿಂದ ಜೇನು ತೊಟ್ಟಿಕ್ಕಿದ ಹುಲ್ಲನ್ನು ಒಮ್ಮೆ ತಿಂದು, ಅಂತಹ ಸಿಹಿಹುಲ್ಲೇ ಬೇಕೆಂದು ಬೇರೆಲ್ಲ ಮೇವನ್ನು ಬಿಟ್ಟು ಸತ್ತಿತು. ಕಾಣದ ಮೋಕ್ಷಸುಖಕ್ಕಾಗಿ ಕೈಯಲ್ಲಿರುವ ಸುಖವನ್ನು ಬಿಡುವವನೂ ಹಾಗೆಯೇ ಎಂದು ಕಳ್ಳನ ತರ್ಕ. ಜಂಬೂಕುಮಾರನ ಉತ್ತರ ಜ್ವರಪೀಡಿತನ ಕಥೆ: ದಾಹಜ್ವರದಿಂದ ಬೆಂದವನೊಬ್ಬ ನದಿ, ಕೆರೆ, ಸರೋವರಗಳ ನೀರನ್ನೆಲ್ಲ ಕುಡಿದರೂ ದಾಹ ಆರಲಿಲ್ಲ, ಹುಲ್ಲಿನ ತುದಿಯ ಹನಿಯಿಂದ ಆರುವುದೇ? ದೇವಲೋಕದ ಭೋಗಗಳಲ್ಲಿ ತಣಿಯದ ಜೀವ ಈ ಅಲ್ಪಸುಖದಲ್ಲಿ ತಣಿಯಲಾರದೆಂಬುದು ತಾತ್ಪರ್ಯ. ಅನನುಭವಿಯೆಂದು ಲೋಕವು ತಿಳಿದಿದ್ದ ತರುಣನು ಇಲ್ಲಿ ಅನುಭವದ ಹೆಸರಿನಲ್ಲಿಯೇ ಮಾತನಾಡುತ್ತಿದ್ದಾನೆ. ಹೀಗೆ ಕಥೆಗೆ ಕಥೆ ಪೋಣಿಸುತ್ತ ರಾತ್ರಿ ಕಳೆಯಿತು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ, ಮತ್ತು ಅದು ಸಣ್ಣದಲ್ಲ. ಆ ನಾಲ್ವರು ಹೆಣ್ಣುಮಕ್ಕಳ ಗತಿಯೇನು? ಬಿಡುವವನು ಮದುವೆಯಾದದ್ದೇಕೆ? ತಂದೆತಾಯಿಗಳ ಒತ್ತಾಯವೆಂಬ ಸಮಾಧಾನ ವರನ ಕಡೆಯಿಂದ ಸರಿ. ವಧುಗಳ ಕಡೆಯಿಂದ ಅದು ಏನೂ ಅಲ್ಲ. ಈ ಆಕ್ಷೇಪವನ್ನು ಹೊರಗಿನ ಟೀಕಾಕಾರರಿಗಿಂತ ಮೊದಲು ಜೈನ ಕವಿಗಳೇ ಮನಗಂಡಿದ್ದರೆಂಬುದಕ್ಕೆ ಕಥೆ ಬೆಳೆದ ರೀತಿಯೇ ಸಾಕ್ಷಿ. ಗುಣಭದ್ರರಲ್ಲಿ ವಾದವು ಮುಖ್ಯವಾಗಿ ಕಳ್ಳ ಮತ್ತು ಕುಮಾರರ ನಡುವಿನದು. 1019ರಲ್ಲಿ ವೀರಕವಿಯು ಅಪಭ್ರಂಶದಲ್ಲಿ ಜಂಬೂಸ್ವಾಮಿಚರಿತವನ್ನು ಬರೆದಾಗ ವಧುಗಳು ತಾವೇ ಕಥೆ ಹೇಳಿ ವಾದಿಸುತ್ತಾರೆ. ಹೇಮಚಂದ್ರರಲ್ಲಿ ವಧುಗಳು ಎಂಟು ಮಂದಿ. ಮದುವೆಯಾದ ಮರುದಿನವೇ ಮಗನು ದೀಕ್ಷೆ ಪಡೆಯುವನೆಂದು ಬೀಗರಿಗೆ ಮೊದಲೇ ಹೇಳಿಕಳುಹಿಸಲಾಗುತ್ತದೆ. ಅದನ್ನು ಕೇಳಿಯೂ ಕನ್ಯೆಯರು ಅವನನ್ನೇ ವರಿಸುತ್ತಾರೆ. ಎರಡು ಮೂರು ಶತಮಾನಗಳ ಅವಧಿಯಲ್ಲಿ ಕವಿಗಳು ವಧುಗಳಿಗೆ ಮೊದಲು ಮಾತನ್ನು, ಆಮೇಲೆ ಒಪ್ಪಿಗೆಯ ಹಕ್ಕನ್ನು ಕೊಟ್ಟರು.

ಆ ರಾತ್ರಿಯ ನೈತಿಕತೆ ಇರುವುದೂ ಇಲ್ಲಿಯೇ. ಮುಟ್ಟದಿರುವುದಷ್ಟೇ ಜಂಬೂಕುಮಾರನ ಹಿರಿಮೆಯಾಗಿದ್ದರೆ ಅದು ವಧುಗಳ ಪಾಲಿಗೆ ಕ್ರೌರ್ಯವೇ ಆಗುತ್ತಿತ್ತು. ಅವನು ಮುಖ ತಿರುಗಿಸಿ ಕುಳಿತುಕೊಳ್ಳಲಿಲ್ಲ, ನಡುರಾತ್ರಿಯಲ್ಲಿ ಹೇಳದೆ ಹೊರಟುಹೋಗಲೂ ಇಲ್ಲ. ಪ್ರತಿಯೊಂದು ಆಕ್ಷೇಪಕ್ಕೂ ಉತ್ತರ ಕೊಟ್ಟನು. ಕೇಳುವವರಿಗೆ ಒಪ್ಪಿಗೆಯಾಗುವವರೆಗೆ ಕೊಟ್ಟನು. ಪ್ರೇಮಕಾದಂಬರಿಗಳ ಮೊದಲ ರಾತ್ರಿಗಳಲ್ಲಿ ಇಷ್ಟು ಸಂಭಾಷಣೆ ನಡೆಯುವುದು ಅಪರೂಪ. ಗೃಹಸ್ಥ ದಂಪತಿಗಳಿಗೂ ಆ ರಾತ್ರಿಯಿಂದ ತೆಗೆದುಕೊಳ್ಳಬಹುದಾದದ್ದು ವೈರಾಗ್ಯಕ್ಕಿಂತ ಮೊದಲು ಇದೇ.

ನೇಮಿಕುಮಾರನ ಕಥೆಯಲ್ಲಿ ಅಂತಹ ಸಂಭಾಷಣೆ ನಡೆಯಲಿಲ್ಲ. ಮಳಖೇಡದ ಬಸದಿಯ ಮೂಲನಾಯಕನಾದುದರಿಂದ ಈ ಪ್ರಸಂಗ ಆ ಊರಿಗೆ ವಿಶೇಷವಾಗಿ ಸಲ್ಲುತ್ತದೆ. ಜಲಕ್ರೀಡೆಯ ನಂತರ ತನ್ನ ಒದ್ದೆಬಟ್ಟೆಯನ್ನು ಹಿಂಡಿಕೊಡೆಂದು ಸತ್ಯಭಾಮೆಯನ್ನು ನೇಮಿಕುಮಾರ ಕೇಳಿದಾಗ, ನಾಗಶಯ್ಯೆಯನ್ನೇರಿ, ಬಿಲ್ಲನ್ನು ಬಾಗಿಸಿ, ಶಂಖವನ್ನು ಊದಿದ ಕೃಷ್ಣನೇ ನೀನು ಎಂದು ಆಕೆ ಅಣಕಿಸುತ್ತಾಳೆ. ಅವಿವಾಹಿತನಾದ ಮೈದುನನನ್ನು ಅತ್ತಿಗೆ ಕೆಣಕುವುದು ಎಲ್ಲ ಮನೆಗಳಲ್ಲಿಯೂ ಇದ್ದದ್ದೇ. ನೇಮಿಯು ನೇರವಾಗಿ ಆಯುಧಶಾಲೆಗೆ ನಡೆದು ಆ ಮೂರನ್ನೂ ಮಾಡಿಬಿಟ್ಟನು. ಶಂಖದ ಧ್ವನಿಗೆ ಬೆಚ್ಚಿದ ಕೃಷ್ಣನು, ಇದುವರೆಗೆ ನಿರ್ವಿಕಾರನಾಗಿದ್ದ ತಮ್ಮನಲ್ಲಿ ರಾಗ ಚಿಗುರಿತೆಂದು ತಿಳಿದು ಉಗ್ರಸೇನನ ಮಗಳಾದ ರಾಜೀಮತಿಯನ್ನು ಗೊತ್ತುಮಾಡುತ್ತಾನೆ. ತರುಣನ ಸಿಟ್ಟನ್ನು ಹಿರಿಯರು ಕಾಮವೆಂದು ಓದಿದರು. ಮುಂದಿನದು ಎಲ್ಲರೂ ಬಲ್ಲ ಕಥೆ: ದಾರಿಯಲ್ಲಿ ಕೂಡಿಹಾಕಿದ್ದ ಪ್ರಾಣಿಗಳ ಆಕ್ರಂದನ, ವರನು ತಿರುಗಿಸಿದ ರಥ. ಆ ಪ್ರಾಣಿಗಳನ್ನು ಅಲ್ಲಿ ಕೂಡಿಹಾಕಿಸಿದ್ದೂ ರಾಜ್ಯದ ಭಯದಿಂದ ಕೃಷ್ಣನೇ ಎಂದು ಗುಣಭದ್ರರು ಬರೆಯುತ್ತಾರೆ.

ಪ್ರಾಣಿಗಳ ಮೊರೆ ಕೇಳಿಸಿದ ಕಿವಿಗೆ ರಾಜೀಮತಿಯ ಮೊರೆ ಕೇಳಿಸಲಿಲ್ಲವೇ ಎಂದು ಎಷ್ಟೋ ತಲೆಮಾರುಗಳ ಶ್ರಾವಿಕೆಯರು ಮನಸ್ಸಿನಲ್ಲಿ ಕೇಳಿಕೊಂಡಿರಬೇಕು. ಗುಜರಾತ್ ಮತ್ತು ರಾಜಸ್ಥಾನದ ಕಡೆ ಹನ್ನೆರಡು ತಿಂಗಳ ವಿರಹವನ್ನು ರಾಜುಲಳ ಬಾಯಿಂದ ಹಾಡಿಸುವ ಬಾರಹಮಾಸಾ ಎಂಬ ಹಾಡಿನ ಪ್ರಕಾರವೇ ಬೆಳೆಯಿತು. ಅದನ್ನು ರಚಿಸಿದವರಲ್ಲಿ ಮುನಿಗಳೂ ಇದ್ದಾರೆ. ಶ್ವೇತಾಂಬರ ಆಗಮವಾದ ಉತ್ತರಾಧ್ಯಯನದಲ್ಲಿ ಆಕೆಯ ಕಥೆಯ ಇನ್ನೊಂದು ಘಟ್ಟವಿದೆ. ಸಾಧ್ವಿಯಾದ ರಾಜೀಮತಿ ಮಳೆಯಲ್ಲಿ ನೆನೆದು ಗುಹೆಯೊಂದನ್ನು ಹೊಕ್ಕಾಗ ಅಲ್ಲಿ ಧ್ಯಾನದಲ್ಲಿದ್ದ ರಥನೇಮಿ, ನೇಮಿಯ ಸೋದರ, ಆಕೆಯನ್ನು ಕಂಡು ಚಂಚಲನಾಗುತ್ತಾನೆ. ಅವನನ್ನು ಎಚ್ಚರಿಸಿ ಸಂಯಮಕ್ಕೆ ಮರಳಿಸಿದವಳು ಆಕೆಯೇ. ಭೋಗದ ಅನುಭವವಿಲ್ಲದ ಹೆಣ್ಣು ಇಲ್ಲಿ ಮುನಿಗೆ ಗುರುವಾದಳು.

ಪುರಾಣದ ಈ ವ್ಯಕ್ತಿಗಳು ಅಸಾಧಾರಣರು; ಸಂಸಾರ ನಡೆಸುವ ಗೃಹಸ್ಥರಿಗೆ ಈ ಕಥೆಗಳಿಂದ ಏನು ಪ್ರಯೋಜನ ಎಂದು ಕೇಳುವವರುಂಟು. ಗೃಹಸ್ಥನಿಗೆ ವಿಧಿಸಿದ್ದು ಮಹಾವ್ರತವಲ್ಲ, ಅಣುವ್ರತ ಎಂಬುದು ನಿಜ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನು ಪರದಾರನಿವೃತ್ತಿ, ಸ್ವದಾರಸಂತೋಷ ಎಂದು ಕರೆದರು. ಗಮನಿಸಬೇಕಾದದ್ದು ಈ ವ್ರತದ ಕರ್ತೃ ಯಾರೆಂಬುದು. ‘ಸ್ವದಾರ’ ಎಂದಾಗ ಮಾತು ಪುರುಷನನ್ನೇ ಉದ್ದೇಶಿಸಿದೆ. ಶೀಲವನ್ನು ಹೆಣ್ಣಿನ ಆಭರಣವೆಂದು ಹೊಗಳಿ ಗಂಡನ್ನು ಬಿಟ್ಟುಬಿಡುವ ಲೋಕರೂಢಿಗೆ ಶ್ರಾವಕಾಚಾರ ಗ್ರಂಥಗಳಲ್ಲಿ ಆಧಾರವಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ಅಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ, ಪತಿಯಿರುವ ಸ್ವೈರಿಣಿಯ ಸಂಪರ್ಕವನ್ನೂ ಯಾರ ಪರಿಗ್ರಹದಲ್ಲಿಯೂ ಇಲ್ಲದವಳ ಸಂಪರ್ಕವನ್ನೂ ಬೇರೆಬೇರೆಯಾಗಿ ಹೆಸರಿಸಿದ್ದಾರೆ. ಕಾಮದ ತೀವ್ರ ಅಭಿನಿವೇಶವನ್ನೂ ಸೇರಿಸಿದ್ದಾರೆ. ಮದುವೆಗೆ ಮೊದಲು ಗಂಡಸಿನ ತಪ್ಪು ತಪ್ಪಲ್ಲ ಎಂಬ ರಿಯಾಯಿತಿಗೆ ಅಲ್ಲಿ ಜಾಗವೇ ಇಲ್ಲ.

ಇಂದಿನ ತರುಣನ ಕಷ್ಟ ಬೇರೆ ಬಗೆಯದು. ಕಾಮಕಥೆಯು ಕೇಳಿದ್ದು, ಪರಿಚಿತವಾದದ್ದು, ಅನುಭವಿಸಿದ್ದು ಎಂಬ ಮೂರು ಮೆಟ್ಟಿಲುಗಳಲ್ಲಿ ಮೊದಲಿನ ಎರಡನ್ನು ಕೈಯಲ್ಲಿರುವ ಮೊಬೈಲ್ ಹದಿನಾಲ್ಕು ಹದಿನೈದರ ವಯಸ್ಸಿಗೇ ಹತ್ತಿಸಿಬಿಡುತ್ತದೆ. ಮೂರನೆಯದು ಇಲ್ಲದಿದ್ದರೆ ಅವನನ್ನು ಬ್ರಹ್ಮಚಾರಿ ಎಂದು ತಂದೆತಾಯಿಗಳು ನಂಬಿರುತ್ತಾರೆ. ಕರ್ಮಸಿದ್ಧಾಂತವು ಹಾಗೆ ಎಣಿಸುವುದಿಲ್ಲ. ವೇದವೆಂಬ ನೋಕಷಾಯ ಉದಯಿಸುವುದು ಮೋಹನೀಯ ಕರ್ಮದಿಂದ, ದೇಹದ ಕ್ರಿಯೆ ಆಮೇಲಿನದು. ಮುಟ್ಟದವನ ಮನಸ್ಸಿನಲ್ಲಿ ಅಭಿನಿವೇಶ ತುಂಬಿರಬಹುದು. ಸ್ವದಾರಸಂತೋಷದಲ್ಲಿ ನಡೆಯುವ ಗೃಹಸ್ಥನಲ್ಲಿ ಅದು ಮಂದವಾಗಿರಬಹುದು. ಇನ್ನೊಂದು ಕಡೆ, ಅನುಭವವಿಲ್ಲವೆಂಬ ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರವೂ ಇದೆ. ಬಸ್ ನಿಲ್ದಾಣಗಳ ಗೋಡೆಗಳ ಮೇಲೆ ಗುಪ್ತರೋಗ, ಪುರುಷದೌರ್ಬಲ್ಯ ಎಂಬ ಹೆಸರಿನಲ್ಲಿ ಅಂಟಿಸುವ ಜಾಹೀರಾತುಗಳು ಬಹುಮಟ್ಟಿಗೆ ಆರೋಗ್ಯವಂತ ತರುಣರ ಭಯದಿಂದಲೇ ಬದುಕುತ್ತವೆ. ಗೆಳೆಯರ ಅಣಕ ಆ ಭಯವನ್ನು ಹೆಚ್ಚಿಸುತ್ತದೆ. ಮನೆಯ ಹಿರಿಯರು ಈ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದರಿಂದ, ನಿನ್ನಲ್ಲಿ ಯಾವ ಕೊರತೆಯೂ ಇಲ್ಲ ಎಂಬ ಒಂದು ಮಾತೂ ಅವನಿಗೆ ಮನೆಯಲ್ಲಿ ಸಿಗುವುದಿಲ್ಲ. ಜಿನಸೇನರ ಪರಂಪರೆಯವರಿಗೆ ಇಷ್ಟು ಸಂಕೋಚ ಎಲ್ಲಿಂದ ಬಂತೆಂಬುದು ಆಶ್ಚರ್ಯದ ವಿಷಯ.

ಸಮಾಜದ ಸಂಸ್ಥೆಗಳು ವಧೂವರರ ಸಮಾವೇಶಗಳನ್ನು ನಡೆಸುತ್ತವೆ. ಬಸದಿಗಳ ಟ್ರಸ್ಟುಗಳು ಸಭಾಭವನವನ್ನು ಬಿಟ್ಟುಕೊಡುತ್ತವೆ. ಅಂತಹ ಸಮಾವೇಶಗಳ ಅರ್ಜಿಗಳಲ್ಲಿ ವರನ ಕಡೆಗೆ ಸಾಮಾನ್ಯವಾಗಿ ವಿದ್ಯೆ, ಉದ್ಯೋಗ, ವರಮಾನ, ಸ್ವಂತ ಮನೆಯ ವಿವರಗಳನ್ನು ಕೇಳಲಾಗುತ್ತದೆ. ವಧುವಿನ ನಡತೆಯ ವಿಚಾರಣೆ ಅರ್ಜಿಯ ಹೊರಗೆ, ನೆಂಟರ ಮೂಲಕ, ತಗ್ಗಿದ ದನಿಯಲ್ಲಿ ನಡೆಯುತ್ತದೆ. ವರನ ಬಗ್ಗೆ ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಕೇಳುವ ಹೆಣ್ಣಿನ ತಂದೆಗೆ ಅವಮಾನವಾಗದೆ ಉತ್ತರ ಸಿಗಬೇಕು. ಹುಡುಗ ಹುಡುಗಿಯರಿಬ್ಬರೂ ಎದುರುಬದುರು ಕುಳಿತು ಒಂದು ಗಂಟೆ ಮಾತನಾಡಲು ಸಭಾಭವನದ ಒಂದು ಕೋಣೆಯನ್ನು ಬಿಡಿಸಿಕೊಡುವುದು ಟ್ರಸ್ಟುಗಳಿಗೆ ಖರ್ಚಿನ ವಿಷಯವಲ್ಲ. ಜಂಬೂಕುಮಾರನ ವಧುಗಳಿಗೆ ಆ ಅವಕಾಶ ದೊರೆತದ್ದು ಮದುವೆಯಾದ ಮೇಲೆ. ಬೆಳಗಾಗುವ ಹೊತ್ತಿಗೆ ಅವರ ಪ್ರಶ್ನೆಗಳು ಮುಗಿದಿದ್ದವು. ವಿದ್ಯುಚ್ಚೋರನು ತನ್ನ ಐನೂರು ಮಂದಿಯೊಡನೆ ಜಂಬೂಕುಮಾರನ ಹಿಂದೆಯೇ ಸುಧರ್ಮಸ್ವಾಮಿಗಳ ಬಳಿಗೆ ದೀಕ್ಷೆಗೆ ಹೊರಟನು.